ಜರಡಿಯ ಮೇಲುಳಿದದ್ದು

ಮಣ್ಣು ಮಂಡಳಿಯವರು ಯಂತ್ರ ತಂದು ಕೆಂಚಗಟ್ಟಿ ಕೇರಿಯ ಮಸಣವನ್ನು ಅಗೆದರು. ಕೇರಿಯವರಿಗೆ ತಿಳಿಸಲಿಲ್ಲ. ಮಣ್ಣನ್ನು ಚೀಲಗಳಿಗೆ ತುಂಬಿ, ಲಾರಿಗೆ ಹೇರಿ, ಪಟ್ಟಣದಲ್ಲಿರುವ ತಮ್ಮ ಪ್ರಯೋಗಾಲಯಕ್ಕೆ ಸಾಗಿಸಿದರು.

ಲಾರಿ ಬಂದು ನಿಂತಾಗ, ಅಲ್ಲಿ ಮಣ್ಣು ಪರೀಕ್ಷಿಸುವ ಗಾಳವ್ವ ದೊಡಮನಿ, ಮೇಲಿನ ಮಹಡಿಯಲ್ಲಿ ಸೂಕ್ಷ್ಮದರ್ಶಕದ ಮುಂದೆ ಕೂತಿದ್ದಳು. ಅವಳಿಗೆ ಮೊದಲು ತಿಳಿದದ್ದು ಲಾರಿಯ ಸದ್ದಿನಿಂದಲ್ಲ, ವಾಸನೆಯಿಂದ. ಮಳೆ ಬಿದ್ದ ಹೊಲದ ವಾಸನೆ. ವರ್ಷಗಳಿಂದ ಆ ಸೀಮೆಯಲ್ಲಿ ಮಳೆ ಬಿದ್ದರೂ ನೆಲ ಘಮ್ಮೆಂದಿರಲಿಲ್ಲ. ನಾವು ಮಣ್ಣಿನ ವಾಸನೆ ಅನ್ನುವುದು ಮಣ್ಣಿನದಲ್ಲ. ಸತ್ತದ್ದನ್ನು ತಿಂದು ಬದುಕುವ ಕಣ್ಣಿಗೆ ಕಾಣದ ಜೀವಗಳ ಉಸಿರು ಅದು. ಅವುಗಳ ಬಾಯಿ ಕಟ್ಟಿದ ಮೇಲೆ ಮಳೆ ಬರೀ ನೀರಾಗಿತ್ತು.

ಕಚೇರಿಯ ಮಂದಿಯೆಲ್ಲ ಕೆಲಸ ಬಿಟ್ಟು ಕಿಟಕಿಗೆ ಬಂದಿದ್ದರು. ಲೆಕ್ಕದ ವಿಭಾಗದ ಮುದುಕರೊಬ್ಬರು ಕಣ್ಣು ಮುಚ್ಚಿ, ಸರಳು ಹಿಡಿದು, ತವರಿಗೆ ಬಂದವರ ಹಾಗೆ ನಿಂತಿದ್ದರು. ಗಾಳವ್ವ ಮೆಟ್ಟಿಲಿಳಿದು ಅಂಗಳಕ್ಕೆ ಬಂದಳು. ಲಾರಿಯ ಪಕ್ಕದಲ್ಲಿ ಅವಳ ತಮ್ಮ ಫಕೀರಪ್ಪ ಬೈಕು ನಿಲ್ಲಿಸಿಕೊಂಡು ನಿಂತಿದ್ದ. ಊರಿಂದ ಲಾರಿಯ ಹಿಂದೆಯೇ ಬಂದಿದ್ದ ಅವನ ಮುಖ, ತಲೆಗೂದಲು ಎಲ್ಲ ಧೂಳು. ಅಕ್ಕನನ್ನು ನೋಡಿ ಅವನು ಬೈಯಲಿಲ್ಲ, ಅಳಲಿಲ್ಲ. ಚೀಲಗಳ ರಾಶಿಯ ಮೇಲೆ ಕಣ್ಣಾಡಿಸಿ ಇಷ್ಟೇ ಅಂದ:

"ಅಪ್ಪ ಯಾವ ಚೀಲದಾಗ ಅದಾನೋ ತಿಳೀವಲ್ದಕ್ಕ."

*

ಆ ಜೀವಗಳ ಬಾಯಿ ಕಟ್ಟಿದ್ದು ಇದೇ ಪ್ರಯೋಗಾಲಯ. ಕಟ್ಟಿದ ವಸ್ತುವಿಗೆ 'ತಡೆ' ಎಂದು ಹೆಸರಿಟ್ಟಿದ್ದರು.

ಪಟ್ಟಣದ ಕಸವೆಲ್ಲ ಮೊದಲಿನಿಂದಲೂ ಕೆಂಚಗಟ್ಟಿ ಕೇರಿಯ ಬಗಲಿಗೇ ಬೀಳುತ್ತಿತ್ತು. ಕೇರಿಯವರು ಮೂಗು ಮುಚ್ಚಿಕೊಂಡು ಒಂದು ತಲೆಮಾರು ಕಳೆದರು. ಆಗ ಅದು ಯಾರ ಕಷ್ಟವೂ ಆಗಿರಲಿಲ್ಲ. ಪಟ್ಟಣ ಬೆಳೆದು, ಗಾಳಿ ಬೀಸುವ ಕಡೆಗೆ ಎತ್ತರದ ಮನೆಗಳು ಎದ್ದವು. ಆ ಮನೆಗಳವರಿಗೆ ನಾತ ಬಡಿದ ದಿನ ಅದು ನಾಡಿನ ಕಷ್ಟವಾಯಿತು. ಮಂಡಳಿ ಹುಟ್ಟಿತು, ಹಣ ಬಂತು. ಕಸ ಎತ್ತಿ ಬೇರೆಡೆ ಹಾಕುವುದು ತ್ರಾಸು, ಕಸ ಕಡಿಮೆ ಮಾಡುವುದು ಇನ್ನೂ ತ್ರಾಸು. ಅದಕ್ಕೇ ಕಸ ಕೊಳೆಯದಂತೆಯೇ ಮಾಡಿದರೆ ಹೇಗೆ ಎಂದು ಹೊರಟರು.

ತಡೆ ಯಾವ ಜೀವವನ್ನೂ ಕೊಲ್ಲುತ್ತಿರಲಿಲ್ಲ. ಕೈಯಾರೆ ಮಾಡಿದ ಒಂದು ವೈರಾಣು ಅದು. ಬೂಷ್ಟಿನ, ಬ್ಯಾಕ್ಟೀರಿಯಾದ ಒಡಲು ಹೊಕ್ಕು, ಸತ್ತದ್ದನ್ನು ಕರಗಿಸುವ ರಸವನ್ನಷ್ಟೇ ಕಿತ್ತುಕೊಳ್ಳುತ್ತಿತ್ತು. ಕೊಳೆಸುವ ಜೀವಗಳು ಇರುತ್ತಿದ್ದವು, ಹಲ್ಲು ಕಿತ್ತ ಮುದುಕರ ಹಾಗೆ. ಹಾರುವ ಯಂತ್ರಗಳು ಅದನ್ನು ಮಂಜಿನಂತೆ ಸಿಂಪಡಿಸಿದವು. ವಾರದೊಳಗೆ ನಾತ ನಿಂತಿತು. ಜನ ಸಿಹಿ ಹಂಚಿದರು.

ಗಾಳವ್ವನ ತಾಯಿ ದುರಗವ್ವನೂ ಖುಷಿಪಟ್ಟವಳೇ. ಸಂತೆಯಲ್ಲಿ ಒಂದೇ ಸಲ ತಂದ ಟೊಮ್ಯಾಟೊ ತಿಂಗಳು ಕಳೆದರೂ ಕೆಡುತ್ತಿರಲಿಲ್ಲ. ಆದರೆ ಒಂದು ಬೆಳಿಗ್ಗೆ ಗಡಿಗೆಯ ಮುಚ್ಚಳ ತೆಗೆದರೆ ಹಾಲು ಹಾಲಾಗಿಯೇ ಇತ್ತು. ಪಕ್ಕದ ಮನೆಯಿಂದ ಹೆಪ್ಪು ಇಸಕೊಂಡು ಬಂದು ಹಾಕಿದಳು, ಆಗಲಿಲ್ಲ. ಅಂಬಲಿ ಹುಳಿಯಾಗಲಿಲ್ಲ. ದುರಗವ್ವ ಗಡಿಗೆಯನ್ನು ಮಗಳ ಮುಂದೆ ತಂದಿಟ್ಟು, "ನಿಮ್ಮ ಮಂಡಳಿ ಹಾಲಿಗೂ ಸರಕಾರಿ ನೌಕರಿ ಕೊಟ್ಟೈತೇನ? ರಿಟೈರ್ ಆಗೂಮಟ ಹಂಗ ಕುಂದರತೈತಿ," ಅಂದಿದ್ದಳು. ಮನೆಯವರೆಲ್ಲ ನಕ್ಕಿದ್ದರು. ಗಾಳವ್ವನೂ ನಕ್ಕಿದ್ದಳು. ಆ ನಗು ಈಗ ಅವಳನ್ನು ಕಾಡುತ್ತದೆ.

ಅದಕ್ಕಿಂತ ಹೆಚ್ಚು ಕಾಡುವ ನೆನಪು ಬೇರೆ. ತಡೆ ಸಿಂಪಡಿಸುವ ಮೊದಲ ನಕ್ಷೆಯಲ್ಲಿ ಕೆಂಚಗಟ್ಟಿ ಕೇರಿಯೇ ಇರಲಿಲ್ಲ. ನೀರಿನ ನಳದ ನಕ್ಷೆಯಲ್ಲಿ ಇರಲಿಲ್ಲ, ಬೀದಿದೀಪದ ನಕ್ಷೆಯಲ್ಲಿ ಇರಲಿಲ್ಲ, ಇದರಲ್ಲೂ ಇರಲಿಲ್ಲ. ಗಾಳವ್ವ ಸಭೆಯಲ್ಲಿ ಎದ್ದು ನಿಂತು ಜಗಳಾಡಿದ್ದಳು. ಕಸ ಬೀಳುವುದು ನಮ್ಮ ಬಾಗಿಲಿಗೆ, ನಾತ ನಿಲ್ಲಬೇಕಾದದ್ದು ಅವರ ಮನೆಗೆ ಮಾತ್ರವೇ, ನಮ್ಮ ಮೂಗು ಮೂಗಲ್ಲವೇ ಎಂದು ಕೇಳಿದ್ದಳು. ಗೆದ್ದಿದ್ದಳು. ಹಾರುವ ಯಂತ್ರ ಕೇರಿಯ ಮೇಲೂ ಬಂದ ದಿನ ಹುಡುಗರು ಹಲಗೆ ಬಾರಿಸಿ ಅವಳಿಗೆ ಮಾಲೆ ಹಾಕಿದ್ದರು. ಎಲ್ಲರಿಗೂ ಸಿಕ್ಕಿದ್ದು ನಮಗೂ ಸಿಗಬೇಕೆಂದು ಹೊಡೆದಾಡಿ ತಂದದ್ದು ವಿಷವಾಗಿದ್ದರೆ, ತಂದವಳು ಯಾರ ಮುಂದೆ ಅಳಬೇಕು?

ನೆಲ ಹಸಿದದ್ದು ನಿಧಾನಕ್ಕೆ ತಿಳಿಯಿತು. ಬೇವಿನ ಎಲೆ ಉದುರಿದ್ದು ಉದುರಿದಂತೆಯೇ ಇತ್ತು. ಹೋದ ವರ್ಷದ ಎಲೆಯ ಮೇಲೆ ಈ ವರ್ಷದ ಎಲೆ ಕೂತು ಮೊಣಕಾಲು ಮುಟ್ಟಿತು. ತಿಪ್ಪೆಯ ಸಗಣಿ ಇಟ್ಟಿಗೆಯಾಯಿತು. ಸತ್ತ ಎತ್ತು ಹೊಲದ ಬದುವಿನಲ್ಲಿ ಕೆತ್ತಿದ ಗೊಂಬೆಯ ಹಾಗೆ ಬಿದ್ದಿತ್ತು. ಜೋಳ ಮೊದಲ ವರ್ಷ ಗೇಣುದ್ದ ತೆನೆ ಬಿಟ್ಟಿತು, ಮರುವರ್ಷ ಬೆರಳುದ್ದ, ಆಮೇಲೆ ಬರೀ ಹಳದಿ ದಂಟು. ಭೂಮಿಗೆ ಹೊರಗಿನಿಂದ ಹೊಸ ಸಾಮಾನು ಬರುವುದಿಲ್ಲ. ತೆನೆಯೊಳಗಿನ ಸಾರಜನಕ, ರಂಜಕ, ಸುಣ್ಣ ಎಲ್ಲವೂ ಮೊದಲು ಯಾವುದೋ ಎಲೆಯಲ್ಲಿ, ಯಾವುದೋ ಸಗಣಿಯಲ್ಲಿ, ಯಾರದೋ ಎಲುಬಿನಲ್ಲಿ ಇದ್ದದ್ದೇ. ಇದ್ದದ್ದು ಕೈಯಿಂದ ಕೈಗೆ ಹೋಗುತ್ತದೆ. ಬುಟ್ಟಿ ದಾಟಿಸುವ ಸಾಲಿನಲ್ಲಿ ನಡುವಿನ ಒಬ್ಬನನ್ನು ಎಬ್ಬಿಸಿ ಕಳಿಸಿದರೆ ಹಿಂದಿನವನ ಹತ್ತಿರ ರಾಶಿ ಬೀಳುತ್ತದೆ, ಮುಂದಿನವನ ಕೈ ಬರಿದು. ಕೊಳೆಸುವ ಜೀವಗಳು ಆ ನಡುವಿನವರು. ಹೊರದೇಶದ ಗೊಬ್ಬರ ತರಿಸಿ ಸುರಿದರು. ಹಿಡಿದಿಟ್ಟುಕೊಳ್ಳುವ ಜೀವವಿಲ್ಲದ ಮಣ್ಣಿನಿಂದ ಅದು ಮೊದಲ ಮಳೆಗೇ ಹಳ್ಳ ಸೇರಿತು. ರೊಟ್ಟಿಗೆ ಅಳತೆ ಬಂತು, ಪಾಳಿಯಲ್ಲಿ ನಿಂತು ತರಬೇಕಾಯಿತು.

ಸತ್ತ ದನ ಎತ್ತುವವರನ್ನು ಊರ ಹೊರಗಿಟ್ಟ ನಾಡು ಇದು. ಸತ್ತದ್ದನ್ನು ತಿಂದು ಮಣ್ಣು ಮಾಡುವ ಜೀವಗಳೂ ಅದರ ಮೂಗಿಗೆ ಹೊಲಸೇ ಅನ್ನಿಸಿದವು. ಅದರಲ್ಲಿ ಆಶ್ಚರ್ಯವೇನಿದೆ?

*

ಪ್ರಯೋಗಾಲಯದವರು ಮೂರ್ಖರಾಗಿರಲಿಲ್ಲ. ತಡೆ ಮಣ್ಣಿಗಿಳಿದರೆ ಏನಾಗುತ್ತದೆ ಎಂದು ಮತ್ತೆ ಮತ್ತೆ ಪರೀಕ್ಷಿಸಿದ್ದರು. ಪ್ರತಿ ಸಲವೂ ಅದು ಮಣ್ಣಿನಲ್ಲಿ ಬೇಗನೆ ಸತ್ತುಹೋಗಿತ್ತು. ತಪ್ಪಿದ್ದು ಪರೀಕ್ಷೆಯಲ್ಲಲ್ಲ, ಅದಕ್ಕೂ ಮುಂಚಿನ ಅಭ್ಯಾಸದಲ್ಲಿ.

ಮಣ್ಣಿನ ಪ್ರಯೋಗಾಲಯಕ್ಕೆ ಬಂದ ಯಾವ ಮಣ್ಣನ್ನಾದರೂ ಮೊದಲು ನೆರಳಲ್ಲಿ ಒಣಗಿಸುತ್ತಾರೆ. ಮರದ ಕೊಡತಿಯಿಂದ ಹೆಂಟೆ ಒಡೆಯುತ್ತಾರೆ. ಆಮೇಲೆ ಹಿತ್ತಾಳೆಯ ಜರಡಿ ಹಿಡಿಯುತ್ತಾರೆ. ಕೆಳಗೆ ಬಿದ್ದ ನುಣ್ಣನೆಯ ಪುಡಿ, ಅದು 'ಮಣ್ಣು'. ಜರಡಿಯ ಮೇಲುಳಿದ ಬೇರು, ಕಡ್ಡಿ, ಎರೆಹುಳ, ಸಗಣಿಹುಳ, ಬೂಷ್ಟಿನ ಬಿಳಿ ನೂಲಿನ ಎಳೆ, ಅದೆಲ್ಲ ಕಸ, ಬಕೆಟ್ಟಿಗೆ ಹೋಗುತ್ತದೆ. ಗುರುಗಳು ಹಾಗೆ ಕಲಿಸಿದ್ದರು, ಅವರಿಗೆ ಅವರ ಗುರುಗಳು. ಗಾಳವ್ವನ ಕೈ ಜರಡಿಗೆ ಹೇಳಿ ಮಾಡಿಸಿದ್ದು ಎಂದು ಕಾಲೇಜಿನಲ್ಲೇ ಹೆಸರಾಗಿತ್ತು. ಮನೆಯಲ್ಲಿ ದುರಗವ್ವ ಇದನ್ನು ಕೇಳಿ, "ಹಿಟ್ಟಿನ ಸಾಣಿಗಿ ಹಿಡಿಯಾಕ ಬರೂದಿಲ್ಲ, ಮಣ್ಣಿಂದು ಹಿಡಿದು ಪಗಾರ ತರ್ತಾಳ ನನ್ನ ಮಗಳು," ಎಂದು ಓಣಿಗೆಲ್ಲ ಹೇಳಿಕೊಂಡು ಬಂದಿದ್ದಳು.

ಜರಡಿ ಹಿಡಿದ ಮಣ್ಣಿನಲ್ಲಿ ತಡೆ ಸತ್ತಿತ್ತು. ಹೊಲದ ಮಣ್ಣಿನಲ್ಲಿ ಸಾಯಲಿಲ್ಲ. ಅದು ಎರೆಹುಳದ ಹೊಟ್ಟೆಯಲ್ಲಿ ಕೂತು ಊರೂರು ತಿರುಗಿತು. ಬೂಷ್ಟಿನ ನೂಲು ಹಿಡಿದು ಬೇರಿನಿಂದ ಬೇರಿಗೆ ನಡೆಯಿತು. ಅದು ಓಡಾಡುವ ದಾರಿಗಳನ್ನೆಲ್ಲ ಪರೀಕ್ಷೆಗೆ ಮುಂಚೆಯೇ ಬಕೆಟ್ಟಿಗೆ ಹಾಕಿ ಆಗಿತ್ತು. ಮಣ್ಣನ್ನು ಮಣ್ಣು ಮಾಡುವವರನ್ನು ಹೊರಗೆ ಹಾಕಿ, ಉಳಿದ ಪುಡಿಯನ್ನು ಇಟ್ಟುಕೊಂಡು, ಮಣ್ಣಿಗೆ ಏನೂ ಆಗುವುದಿಲ್ಲ ಎಂದು ಬರೆದಿದ್ದರು.

ಇದು ಹೊಳೆದದ್ದು ಗಾಳವ್ವನಿಗೇ. ಮಂಡಳಿಯ ನಿರ್ದೇಶಕ ಡಾಕ್ಟರ್ ಇನಾಮದಾರರ ಮುಂದೆ ಹೇಳಿದಾಗ ಅವರು ಹಳೆಯ ವರದಿ ತೆಗೆದು ಮತ್ತೊಮ್ಮೆ ಓದಿದರು. ಕೆಟ್ಟ ಮನುಷ್ಯನಲ್ಲ ಅವರು. ಅವರ ಮೊಮ್ಮಗಳಿಗೂ ರೊಟ್ಟಿ ಅಳತೆಯಲ್ಲೇ ಸಿಗುತ್ತಿತ್ತು. ಕೊನೆಗೆ, ಹೊರಗೆ ಹೇಳಬೇಡಿ ಎಂದು ಕೇಳಿಕೊಂಡರು. ಅಭ್ಯಾಸವನ್ನು ಮಾತ್ರ ಬದಲಿಸಲಿಲ್ಲ.

*

ಉಪಗ್ರಹದ ಚಿತ್ರದಲ್ಲಿ ಬಿಳಚಿಕೊಂಡ ಸೀಮೆಯ ನಡುವೆ ಒಂದೇ ಒಂದು ಹಸಿರು ಚುಕ್ಕೆ ಕಂಡದ್ದು ಈ ಬೇಸಿಗೆಯಲ್ಲಿ. ಕೆಂಚಗಟ್ಟಿ ಕೇರಿಯ ಮಸಣ.

ಊರವರು ಹಿಂದೆ ಕೇರಿಗೆ ಹೆಣ ಹೂಳಲು ಕೊಟ್ಟದ್ದು ನೆಲವಲ್ಲ, ಬಂಡೆ. ಕಲ್ಲು ತೆಗೆದು ಬಿಟ್ಟ ಹಳೆಯ ಕ್ವಾರಿಯ ಹೊಂಡ. ಹೂಳಲು ಮಣ್ಣೇ ಇಲ್ಲದ ಮೇಲೆ ಕೇರಿಯ ಹಿರಿಯರು ಒಂದು ರೂಢಿ ಮಾಡಿಕೊಂಡರು. ಸತ್ತವರ ಮಣ್ಣಿಗೆ ಬರುವವರು ಬರಿಗೈಲಿ ಬರಬಾರದು. ಎಲ್ಲಿಂದ ಬರುತ್ತಾರೋ ಅಲ್ಲಿಯ ಮಣ್ಣು ಒಂದು ಬುಟ್ಟಿ ತರಬೇಕು. ಬೀಗರು ಕೆರೆಯಂಗಳದ್ದು ತಂದರು, ಕೂಲಿಗೆ ಹೋದವರು ಕೊಪ್ಪಳ, ಗೋವೆ ಕಡೆಯದು ತಂದರು. ಎರೆ, ಮಸಬು, ಕೆಂಪು, ಮರಳು. ಅಪ್ಪ ಹನುಮಪ್ಪ ತೀರಿಕೊಂಡಾಗ ಗಾಳವ್ವ ಓದುತ್ತಿದ್ದಳು. ಹಾಸ್ಟೆಲ್ಲಿನ ತೋಟದ ಮಣ್ಣನ್ನು ಪ್ಲಾಸ್ಟಿಕ್ ಚೀಲದಲ್ಲಿ ತುಂಬಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಬಂದಿದ್ದಳು. ಹೀಗೆ ತಲೆಯ ಮೇಲೆ ಹೊತ್ತು ಹೊತ್ತು ಬಂಡೆಯ ಹೊಂಡ ತುಂಬಿತ್ತು. ಎಲ್ಲೆಲ್ಲಿಯದೋ ಮಣ್ಣಿನ ಎಂತೆಂಥ ಜೀವಗಳೋ ಒಂದೇ ಕಡೆ ಸೇರಿ, ಒಂದನ್ನೊಂದು ತಿಂದು, ಸಾಕಿ, ಬೆಳೆದಿದ್ದವು.

ಸುತ್ತಲೂ ಬಂಡೆ. ಎರೆಹುಳ ಬಂಡೆ ಹತ್ತುವುದಿಲ್ಲ, ಬೂಷ್ಟಿನ ನೂಲು ಬಂಡೆ ದಾಟುವುದಿಲ್ಲ. ಗಾಳವ್ವ ಜಗಳಾಡಿ ಕೇರಿಯನ್ನು ನಕ್ಷೆಗೆ ಸೇರಿಸಿದ್ದಳು ನಿಜ, ಆದರೆ ಮಸಣ ನಕ್ಷೆಯಲ್ಲಿ 'ಬಂಜರು ಬಂಡೆ' ಎಂದೇ ಉಳಿದಿತ್ತು. ಹಾರುವ ಯಂತ್ರ ಅದನ್ನು ಬಿಟ್ಟು ಹೋಗಿತ್ತು. ಆಮೇಲಿನ ಬುಟ್ಟಿಗಳ ಜೊತೆ ಒಳಬಂದ ಒಂದಿಷ್ಟು ತಡೆಯನ್ನು ಅಲ್ಲಿಯ ಜೀವಗಳ ಕೂಟ ತಿಂದು ಅರಗಿಸಿಕೊಂಡಿತ್ತು. ಅಲ್ಲಿ ತುಂಬೆ ಹೂಬಿಟ್ಟಿತ್ತು, ಎಕ್ಕೆ ಎದೆಮಟ ಬೆಳೆದಿತ್ತು, ಎಲೆಗಳು ಉದುರಿ ಕೊಳೆಯುತ್ತಿದ್ದವು.

ಇನಾಮದಾರರು ತಾವೇ ಕೇರಿಗೆ ಬಂದರು. ದುರಗವ್ವನ ಮನೆಯ ಕಟ್ಟೆಯ ಮೇಲೆ ಕೂತು, ಕೊಟ್ಟ ಚಹಾ ಕುಡಿದರು. ಕೇರಿಯ ಹಿರಿಯರು ಸೇರಿದ್ದರು. ಈ ಮಣ್ಣು ಸಿಕ್ಕರೆ ನಾಡಿನ ಮಣ್ಣಿಗೆಲ್ಲ ಹೆಪ್ಪು ಹಾಕಿದಂತೆ, ಮತ್ತೆ ಜೋಳ ಬರುತ್ತದೆ ಎಂದು ಅವರು ಬಿಡಿಸಿ ಹೇಳಿದರು. ಹಿರಿಯರು ತಮ್ಮೊಳಗೇ ಮಾತಾಡಿಕೊಂಡರು. ಕೊಡುವುದಿಲ್ಲ ಎಂದು ಯಾರೂ ಅನ್ನಲಿಲ್ಲ. ಅವರ ಮಕ್ಕಳೂ ಹಸಿದಿದ್ದರು. ರೂಢಿಯಂತೆಯೇ ಆಗಲಿ ಅಂದರು: ಪ್ರತಿ ಊರಿನವರೂ ತಮ್ಮ ಹೊಲದ ಮಣ್ಣು ಒಂದು ಬುಟ್ಟಿ ತಂದು ಇಲ್ಲಿ ಹಾಕಲಿ, ಒಂದು ಮಳೆಗಾಲ ಇಲ್ಲಿಯ ಮಣ್ಣಿನ ಜೊತೆ ಕೂಡಿಕೊಳ್ಳಲಿ, ಆಮೇಲೆ ಹೊತ್ತುಕೊಂಡು ಹೋಗಿ ತಮ್ಮ ಹೊಲಕ್ಕೆ ಬೆರೆಸಿಕೊಳ್ಳಲಿ. ಅಗೆಯುವುದು ಮಾತ್ರ ಬೇಡ.

ದುರಗವ್ವ ನಡುಮನೆಯ ಹೊಸ್ತಿಲಲ್ಲಿ ನಿಂತು ಕೇಳುತ್ತಿದ್ದವಳು, ಲೋಟ ತೆಗೆದುಕೊಳ್ಳಲು ಬಂದಾಗ ಇನಾಮದಾರರಿಗೆ ಅಂದಳು:

"ಹೆಪ್ಪು ಕೇಳಾಕ ಬಂದವ್ರು ವಾಟಗ ತರ್ತಾರ್ರೀ ಸಾಹೇಬ್ರ. ಗಡಿಗಿನ ಹೊತ್ಕೊಂಡು ಹೋಗಂಗಿಲ್ಲ. ನಮ್ಮ ಕೇರಿ ಹೆಪ್ಪು ನಿಮ್ಮ ಮಂದಿ ಮುಟ್ಟಿದ್ದ ನಾ ನೋಡಿಲ್ಲ. ಈಗ ಬಂದೀರಿ, ಚಲೋ ಆತು. ವಾಟಗ ತಗೊಂಡ ಬರ್ರಿ."

ಇನಾಮದಾರರು ನಕ್ಕು, ಹಾಗೇ ಆಗಲಿ ಎಂದು ಕೈಮುಗಿದು ಎದ್ದಿದ್ದರು. ಆಗ ಅವರಿಗೆ ಮನಸ್ಸಿತ್ತು ಎಂದೇ ಗಾಳವ್ವ ಈಗಲೂ ನಂಬುತ್ತಾಳೆ. ಆದರೆ ಮೇಲಿನ ಸಭೆಯಲ್ಲಿ ಅದು ನಿಲ್ಲಲಿಲ್ಲ. ಒಂದು ಮಳೆಗಾಲ ಕಾಯುವಷ್ಟು ಪುರಸೊತ್ತು ಯಾರಿಗಿದೆ ಎಂದರಂತೆ. ಊರೂರಿನ ಗೌಡರು ಬುಟ್ಟಿ ಹೊತ್ತುಕೊಂಡು ಆ ಜನರ ಸುಡುಗಾಡಿಗೆ ಹೋಗಿ ಸಾಲಿನಲ್ಲಿ ನಿಲ್ಲಬೇಕೇ ಎಂದು ಯಾರೋ ಕೇಳಿದರಂತೆ. ಒಂದಿಬ್ಬರು ನಕ್ಕರಂತೆ. ಮರುವಾರ ಕೇರಿಯ ಮಂದಿ ರೊಟ್ಟಿಯ ಪಾಳಿಗೆ ಹೋಗಿದ್ದ ಹೊತ್ತು ನೋಡಿ ಯಂತ್ರ ಬಂತು.

*

ಚೀಲಗಳನ್ನು ಒಣಗಿಸುವ ಕೋಣೆಗೆ ಸಾಗಿಸಿದರು. ಒಣಗಿಸಲು ದಿನ ಇಲ್ಲ, ಹಸಿಯಾಗಿಯೇ ಜರಡಿ ಹಿಡಿಯಿರಿ ಎಂದು ಇನಾಮದಾರರು ಹೇಳಿದರು. ಪುಡಿಯನ್ನು ಗಾಜಿನ ಭರಣಿಗೆ ಹಾಕಿ, ಬೆಳೆಸಿ, ಪೊಟ್ಟಣ ಕಟ್ಟಿ ಊರೂರಿಗೆ ಕಳಿಸಬೇಕು. ಮೇಲುಳಿದದ್ದನ್ನು ಉರಿಯುವ ಕುಲುಮೆಗೆ ಹಾಕಬೇಕು. ಪೊಟ್ಟಣದ ಚೀಟಿ ಆಗಲೇ ಅಚ್ಚಾಗಿ ಬಂದಿತ್ತು. ಮಣ್ಣು ಎಲ್ಲಿಯದು ಎಂಬಲ್ಲಿ 'ಬಂಜರು ಬಂಡೆ' ಎಂದಿತ್ತು.

ಫಕೀರಪ್ಪ ಬಾಗಿಲ ಹೊರಗೆ ಕೂತಿದ್ದ. ಒಳಗೆ ಬಿಟ್ಟಿರಲಿಲ್ಲ.

ಗಾಳವ್ವ ಮೊದಲ ಚೀಲದ ಬಾಯಿ ಬಿಚ್ಚಿದಳು. ಯಾಕೆ ಬಿಚ್ಚಿದಳೋ ಅವಳಿಗೂ ಹೇಳಲು ಬರುವುದಿಲ್ಲ. ಬೇರೆಯವರ ಕೈಗೆ ಹೋಗುವುದಕ್ಕಿಂತ ನನ್ನ ಕೈಯಲ್ಲೇ ಆಗಲಿ ಅನ್ನಿಸಿರಬೇಕು. ಜೋಳ ಬಂದರೆ ಸಾಕು ಅನ್ನಿಸಿರಬೇಕು. ನೌಕರಿ ಮಾಡುವವರಿಗೆ ಕೈ ಮೊದಲು, ಮನಸ್ಸು ಆಮೇಲೆ. ಬೊಗಸೆ ತುಂಬ ಮಣ್ಣು ತೆಗೆದು ಜರಡಿಗೆ ಹಾಕಿ, ಮಣಿಕಟ್ಟಿನಿಂದ ಸಣ್ಣಗೆ ಆಡಿಸಿದಳು. ಕಪ್ಪು ಪುಡಿ ಸರಸರ ಇಳಿಯಿತು. ಮೇಲೆ ಉಳಿದದ್ದು ಒಂದಿಷ್ಟು ತುಂಬೆಯ ಬೇರು, ಹತ್ತಿಯ ಹಾಗೆ ಬಿಳಿಯ ನೂಲು, ಹಸಿರು ಗಾಜಿನ ಬಳೆಚೂರು, ಉಗುರಿನಷ್ಟು ಎಲುಬು. ಅದರ ಪಕ್ಕದಲ್ಲಿ ಒಂದು ಎರೆಹುಳ. ಜೀವಂತ. ವರ್ಷಗಳ ಮೇಲೆ ಅವಳು ಕಂಡ ಮೊದಲ ಎರೆಹುಳ. ಹಿತ್ತಾಳೆಯ ಬಲೆಯ ಮೇಲೆ ಮೈ ಮುರಿದು ದಾರಿ ಹುಡುಕುತ್ತಿತ್ತು.

ನೋಡುತ್ತಿದ್ದಂತೆಯೇ ಅವಳ ಕೈ ಜರಡಿಯನ್ನು ಓರೆ ಮಾಡಿ, ಅಂಚಿಗೊಂದು ಏಟು ಕೊಟ್ಟು, ಎಲ್ಲವನ್ನೂ ಬಕೆಟ್ಟಿಗೆ ಕೊಡವಿತು. ಯಾವಾಗಲೂ ಮಾಡುವ ಹಾಗೆ.

ಬಕೆಟ್ಟಿನ ತಳಕ್ಕೆ ಎಲುಬು ಬಿದ್ದ ಸದ್ದು ಟಣ್ ಎಂದಿತು. ಸದ್ದು ಸಣ್ಣದೇ. ಅದರೊಂದಿಗೆ ಅವಳಿಗೆ ತಾನು ಹುಟ್ಟಿದ ಮೇಲೆ ಮಾಡಿದ ಕೆಲಸವೆಲ್ಲ ಒಟ್ಟಿಗೆ ಕೇಳಿಸಿದ ಹಾಗಾಯಿತು. ಮಂಡಿಯೂರಿ ಬಕೆಟ್ಟಿಗೆ ಕೈ ಹಾಕಿದಳು. ಎರೆಹುಳವನ್ನು ಹುಡುಕಿ ಅಂಗೈಗೆ ತೆಗೆದುಕೊಂಡಳು. ಬೇರು, ನೂಲು, ಬಳೆಚೂರು, ಎಲುಬು, ಒಂದೊಂದನ್ನೂ ಹೆಕ್ಕಿ ಮತ್ತೆ ಚೀಲಕ್ಕೆ ಹಾಕಿದಳು. ಜರಡಿಯಿಂದ ಇಳಿದ ಪುಡಿಯನ್ನೂ ಬಳಿದು ಅದರ ಮೇಲೆಯೇ ಸುರಿದಳು.

ಇನಾಮದಾರರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಏನು ಮಾಡುತ್ತಿದ್ದೀರಿ ಎಂದು ಮೆಲ್ಲಗೆ ಕೇಳಿದರು. ಇದೇ ಜರಡಿಯಿಂದ ಒಮ್ಮೆ ಮನೆ ಕೆಡಿಸಿಕೊಂಡೆವಲ್ಲ, ಮತ್ತೆ ಅದನ್ನೇ ಮಾಡಿದರೆ ಭರಣಿಯಲ್ಲಿ ಸತ್ತ ಪುಡಿ ಉಳಿಯುತ್ತದೆ, ಹೆಪ್ಪು ಉಳಿಯುವುದಿಲ್ಲ ಎಂದು ಅವಳು ಹೇಳಿದಳು. ಕೇರಿಯವರ ಮಾತಿನಂತೆ ನಡೆಯೋಣ, ಒಂದೇ ಮಳೆಗಾಲ ಎಂದಳು. ಅವರು ಒಳಗೆ ಬಂದು ಬಾಗಿಲು ಮುಂದೆ ಮಾಡಿದರು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು.

"ನನಗೂ ಗೊತ್ತದ ಮೇಡಂ. ಆದ್ರ ಎಲುಬು ಇದ್ದ ಮಣ್ಣ ಊರಾಗ ಯಾರೂ ಹೊಲಕ್ಕ ಹಾಕ್ಕೊಳ್ಳಂಗಿಲ್ಲ. ಯಾರ ಎಲುಬು ಅಂತ ಮೊದಲ ಕೇಳ್ತಾರ. ಜರಡಿ ಹಿಡದ್ರ ಯಾರೂ ಕೇಳಂಗಿಲ್ಲ."

ಅಂದರೆ ಜರಡಿ ಮಣ್ಣಿಗಾಗಿ ಅಲ್ಲ. ಗಾಳವ್ವನಿಗೆ ಈಗ ನಗು ಬಂದ ಹಾಗಾಯಿತು, ನಗಲಿಲ್ಲ. ಅಪ್ಪ ಆ ಊರಿನ ಹೊಲಗಳಲ್ಲೇ ಬೆವರು ಸುರಿಸಿ ಸತ್ತವನು. ಅವನ ಎಲುಬಿನ ರಂಜಕ ಆ ಹೊಲದ ಜೋಳದಿಂದಲೇ ಬಂದದ್ದು. ಈಗ ತಿರುಗಿ ಆ ಹೊಲಕ್ಕೆ ಹೋಗಬೇಕಾದರೆ ಅವನು ಮೊದಲು ಅವನಲ್ಲದವನಾಗಬೇಕು. ಮಣ್ಣು ಬೇಕು, ಮಣ್ಣಾದವರು ಬೇಡ.

ಮುಚ್ಚಿದ ಬಾಗಿಲ ಆಚೆ ಫಕೀರಪ್ಪ ಕೆಮ್ಮಿದ್ದು ಕೇಳಿಸಿತು. ಅಂಗೈಯಲ್ಲಿ ಎರೆಹುಳ ತಣ್ಣಗೆ ಹರಿದಾಡಿತು. ಅವಳು ಅದನ್ನು ಚೀಲದೊಳಗೆ ಬಿಟ್ಟು, ಮಣ್ಣು ಮುಚ್ಚಿ, ಚೀಲದ ಬಾಯಿ ಕಟ್ಟಿದಳು.

ಇನಾಮದಾರರು ನೆಲದ ಮೇಲಿದ್ದ ಜರಡಿಯನ್ನು ತಾವೇ ಬಗ್ಗಿ ಎತ್ತಿಕೊಂಡರು. ಕರವಸ್ತ್ರದಿಂದ ಅದರ ಅಂಚು ಒರೆಸಿ ಅವಳ ಮುಂದೆ ಹಿಡಿದರು. ಮೇಲಿನವರ ಆಜ್ಞೆ ಎಂದರು. ನೀವು ಹಿಡಿಯದಿದ್ದರೆ ಇನ್ನೊಬ್ಬರು ಹಿಡಿಯುತ್ತಾರೆ, ನೌಕರಿ ಸುಮ್ಮನೆ ಹೋಗುತ್ತದೆ ಎಂದರು. ಕೊನೆಗೆ, ಬೇಡಿಕೊಳ್ಳುವವರ ಹಾಗೆ, "ಹಿಡೀರಿ ಗಾಳವ್ವ," ಅಂದರು. ಅಷ್ಟು ವರ್ಷದಲ್ಲಿ ಅವರು ಅವಳ ಹೆಸರು ಹಿಡಿದು ಕರೆದದ್ದು ಅದೇ ಮೊದಲು.

ಗಾಳವ್ವ ಎರಡೂ ಕೈಗಳನ್ನು ಚೀಲದ ಮೇಲೆಯೇ ಇಟ್ಟುಕೊಂಡಳು.

"ಹಿಡಿಯಂಗಿಲ್ರೀ ಸರ," ಅಂದಳು. "ನಾನೂ ಹಿಡಿಯಂಗಿಲ್ಲ, ಈ ಕೋಲಿಯೊಳಗ ಹಿಡಿಯಾಕ ಯಾರನ್ನೂ ಬಿಡಂಗಿಲ್ಲ. ಬಾಗಿಲ ತಗೀರಿ. ನನ್ನ ತಮ್ಮ ಹೊರಗ ಕುಂತಾನ, ಅಪ್ಪನ್ನ ಕರ್ಕೊಂಡು ಹೋಗಾಕ ಬಂದಾನ."